ಪ್ರೌಢಶಾಲಾ ಶಿಕ್ಷಕರ ತಂತ್ರಜ್ಞಾನ ತರಬೇತಿ: ಮಂಡ್ಯದ ತರಗತಿಯಿಂದ ಒಂದು ವಿಮರ್ಶೆ

ಮಂಡ್ಯ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತವನ್ನೂ ಭೌತವಿಜ್ಞಾನವನ್ನೂ ಬೋಧಿಸುವ ನಾನು, ಮೈಸೂರಿನಲ್ಲಿ ನಡೆದ ಶಿಕ್ಷಕರ ತಂತ್ರಜ್ಞಾನ ತರಬೇತಿಯೊಂದರಲ್ಲಿ ಭಾಗವಹಿಸಿ, ಅಲ್ಲಿ ಪರಿಚಯವಾದ ಆನ್‌ಲೈನ್ ಸಂಪನ್ಮೂಲಗಳನ್ನು ಕಳೆದ ಶೈಕ್ಷಣಿಕ ವರ್ಷವಿಡೀ ತರಗತಿಯಲ್ಲಿ ಬಳಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಸಮಾರೋಪದ ದಿನ ತುಂಬಿಸಿಕೊಳ್ಳುವ ಹಿಮ್ಮಾಹಿತಿ ನಮೂನೆಯಲ್ಲಿ ಊಟ, ವಸತಿ, ಸಂಪನ್ಮೂಲ ವ್ಯಕ್ತಿಗಳ ವಿಷಯಜ್ಞಾನ ಇವುಗಳಿಗೆ ಅಂಕ ಕೊಡಬಹುದು. ಆದರೆ ತರಬೇತಿ ಎಷ್ಟು ದಕ್ಕಿತು ಎಂಬುದು ಶಾಲೆಗೆ ಮರಳಿ, ಇಂಟರ್‌ನೆಟ್ ಕೈಕೊಟ್ಟ ಒಂದು ಮಧ್ಯಾಹ್ನ ಮಕ್ಕಳ ಮುಂದೆ ನಿಂತಾಗಲೇ ತಿಳಿಯುತ್ತದೆ. ಆದ್ದರಿಂದ ನಾನು ಇಟ್ಟುಕೊಂಡ ಅಳತೆ ಒಂದೇ: ಶಿಕ್ಷಕರು ತಮ್ಮ ಊರಿನ ಮಕ್ಕಳಿಗೆ ಒಗ್ಗುವಂತೆ ಒಂದು ಪಾಠವನ್ನು ತಾವೇ ಕಟ್ಟಿ, ತಿದ್ದಿ, ಸಂಪರ್ಕವಿಲ್ಲದೆಯೂ ನಡೆಸುವ ಶಕ್ತಿಯನ್ನು ಈ ತರಬೇತಿ ಕೊಟ್ಟಿತೇ?

ಹೆಚ್ಚಿನ ಪಾಲಿಗೆ ಕೊಟ್ಟಿತು ಎಂದೇ ಹೇಳಬೇಕು. ಅದರಲ್ಲೂ ಮೊದಲಿಗೆ ಎತ್ತಿಕೊಂಡ ಕನ್ನಡ ಬೆರಳಚ್ಚಿನ ಪಾಠವನ್ನು ನಾನು ಮುಕ್ತ ಮನಸ್ಸಿನಿಂದ ಮೆಚ್ಚುತ್ತೇನೆ. ನಮ್ಮಲ್ಲಿ ಬಹುತೇಕರ ಬಳಿ ವರ್ಷಗಳ ಪ್ರಶ್ನೆಪತ್ರಿಕೆಗಳು, ಘಟಕ ಪರೀಕ್ಷೆಗಳು, ಪಾಠಯೋಜನೆಗಳು ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಉಳಿದಿವೆ. ಅವನ್ನು ಹಾಗೆಯೇ ನಕಲು ಮಾಡಿ ಮಿಂಚಂಚೆಗೋ ಆನ್‌ಲೈನ್ ಪುಟಕ್ಕೋ ಅಂಟಿಸಿದರೆ ಕನ್ನಡವೆಲ್ಲ ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ಬಿಡುತ್ತದೆ. ಕಾರಣ, ಆ ಹಳೆಯ ಶೈಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ರೂಪಗಳನ್ನು ಕೂರಿಸುತ್ತದೆ. ಯೂನಿಕೋಡ್‌ನಲ್ಲಾದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿವೆ. ಇದನ್ನು ವಿವರಿಸಿ, ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವುದನ್ನು ಪ್ರತಿಯೊಬ್ಬರಿಂದಲೂ ಅವರವರ ಕಡತದ ಮೇಲೆಯೇ ಮಾಡಿಸಿದರು. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯೂ ಬಳಸುವ ಕೀಲಿಮಣೆ ವಿನ್ಯಾಸವೇ ಉಬುಂಟು ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ‘ಕಗಪ’ ಎಂಬ ಹೆಸರಿನಲ್ಲಿ ಸಿಗುವುದರಿಂದ, ನುಡಿಯಲ್ಲಿ ಪಳಗಿದ ಬೆರಳುಗಳು ಹೊಸದೇನನ್ನೂ ಕಲಿಯಬೇಕಾಗಿಲ್ಲ ಎಂದು ತಿಳಿದಾಗ ಹಿರಿಯ ಶಿಕ್ಷಕರ ಮುಖದಲ್ಲಿ ಕಂಡ ನಿರಾಳವನ್ನು ನಾನು ಮರೆತಿಲ್ಲ. ಮಾತೃಭಾಷೆಯಲ್ಲಿ ಬರೆಯಲಾಗದ ಶಿಕ್ಷಕರಿಗೆ ಎಷ್ಟು ತಂತ್ರಾಂಶ ಕಲಿಸಿದರೂ ಅವರು ನೋಡುಗರಾಗಿಯೇ ಉಳಿಯುತ್ತಾರೆ.

ಕೊರತೆ ಇದ್ದದ್ದು ವೇಳಾಪಟ್ಟಿಯಲ್ಲಿ. ಬಳಕೆದಾರರ ಹೆಸರು, ಗುಪ್ತಪದ, ಒಟಿಪಿ ಎಂದು ಬಗೆಬಗೆಯ ಜಾಲತಾಣಗಳಲ್ಲಿ ಎಲ್ಲರನ್ನೂ ನೋಂದಾಯಿಸುವುದರಲ್ಲಿಯೇ ಒಂದು ಬೆಳಗಿನ ಅವಧಿ ಪೂರ್ತಿ ಕರಗಿತು. ಈ ಕೆಲಸವನ್ನು ತರಬೇತಿಗೆ ಮುನ್ನವೇ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳ (ಸಿಆರ್‌ಪಿ) ನೆರವಿನಿಂದ ಆಯಾ ಕ್ಲಸ್ಟರ್‌ನಲ್ಲಿ ಮುಗಿಸಿಕೊಳ್ಳಬಹುದಿತ್ತು. ಕೊನೆಯ ದಿನಗಳಲ್ಲಿ ಧ್ವನಿ ಸಂಕಲನಕ್ಕೆ ಒಂದು, ವಿಡಿಯೊ ಸಂಕಲನಕ್ಕೆ ಇನ್ನೊಂದು, ಪರಿಕಲ್ಪನಾ ನಕ್ಷೆಗೆ ಮತ್ತೊಂದು ಎಂದು ತಂತ್ರಾಂಶಗಳನ್ನು ಒಂದರ ಹಿಂದೆ ಒಂದರಂತೆ ತೆರೆದು ಮುಚ್ಚಿದ್ದರಿಂದ ಯಾವುದೂ ಕೈಗೆ ಹತ್ತಲಿಲ್ಲ. ಪಟ್ಟಿಯಲ್ಲಿ ಅರ್ಧವನ್ನು ಕೈಬಿಟ್ಟು, ಆ ಸಮಯವನ್ನು ರೇಖಾಗಣಿತದ ಚಿತ್ರಗಳನ್ನು ತೆರೆಯ ಮೇಲೆ ರಚಿಸಿ ಎಳೆದು ನೋಡಬಹುದಾದ ಜಿಯೋಜೀಬ್ರಾ ತಂತ್ರಾಂಶಕ್ಕೆ ಕೊಟ್ಟಿದ್ದರೆ ಗಣಿತ ಶಿಕ್ಷಕರಿಗೆ ಹೆಚ್ಚು ಉಪಕಾರವಾಗುತ್ತಿತ್ತು.

ಏಕೆಂದರೆ ಜಿಯೋಜೀಬ್ರಾ ಕಲಿಸಿದ ರೀತಿ ಮಾದರಿಯಾಗಿತ್ತು. ಸಿದ್ಧ ಕಡತವನ್ನು ತೆರೆದು ತೋರಿಸುವ ಬದಲು ಖಾಲಿ ಪುಟದಿಂದ ಆರಂಭಿಸಿದರು. ಹತ್ತನೆಯ ತರಗತಿಯ ಥೇಲ್ಸ್ ಪ್ರಮೇಯವನ್ನೇ ತೆಗೆದುಕೊಳ್ಳಿ. ಕಪ್ಪುಹಲಗೆಯ ಮೇಲೆ ನಾವು ಬರೆಯುವ ತ್ರಿಭುಜ ಸಾಮಾನ್ಯವಾಗಿ ಸಮದ್ವಿಬಾಹುವಿಗೆ ಹತ್ತಿರವಾಗಿಯೂ ಅದರ ಪಾದ ನೆಲಕ್ಕೆ ಸಮಾಂತರವಾಗಿಯೂ ಇರುತ್ತದೆ; ಆದ್ದರಿಂದ ಅನೇಕ ಮಕ್ಕಳು ಪ್ರಮೇಯ ಅಂಥ ಚಿತ್ರಕ್ಕೆ ಮಾತ್ರ ಸಲ್ಲುತ್ತದೆ ಎಂದು ಒಳಗೊಳಗೇ ನಂಬಿರುತ್ತಾರೆ, ಪರೀಕ್ಷೆಯಲ್ಲಿ ಚಿತ್ರವನ್ನು ಸ್ವಲ್ಪ ತಿರುಗಿಸಿ ಕೊಟ್ಟರೆ ಗಲಿಬಿಲಿಗೊಳ್ಳುತ್ತಾರೆ. ತೆರೆಯ ಮೇಲೆ ಒಂದು ಶೃಂಗವನ್ನು ಹಿಡಿದು ಎಳೆದಾಗ ತ್ರಿಭುಜ ಎಷ್ಟೇ ಓರೆಯಾದರೂ, ಪಾದಕ್ಕೆ ಸಮಾಂತರವಾದ ರೇಖೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ವಿಭಾಗಿಸುತ್ತಲೇ ಇರುವುದು ಕಾಣುತ್ತದೆ. ನಮ್ಮ ಶಾಲೆಯಲ್ಲಿ ಇದನ್ನು ತೋರಿಸಿದಾಗ, ಸಾಮಾನ್ಯವಾಗಿ ಮಾತನಾಡದ ಒಬ್ಬ ಹುಡುಗಿ ಎದ್ದು, ‘ಸಮಾಂತರ ರೇಖೆಯನ್ನು ತ್ರಿಭುಜದ ಹೊರಕ್ಕೆ ಎಳೆದರೂ ಹೀಗೇ ಆಗುತ್ತದೆಯೇ ಸಾರ್?’ ಎಂದು ಕೇಳಿದಳು. ಉತ್ತರಕ್ಕಿಂತ ಆ ಪ್ರಶ್ನೆ ನನಗೆ ಹೆಚ್ಚು ಸಂತೋಷ ಕೊಟ್ಟಿತು. ಬಾಹುಗಳನ್ನು ಮುಂದಕ್ಕೆ ಬೆಳೆಸಿ ಅವಳ ಕೈಯಿಂದಲೇ ಪರೀಕ್ಷಿಸಿ ನೋಡಿದೆವು. ಇಷ್ಟಾದ ಮೇಲೂ ಪ್ರಮೇಯದ ಸಾಧನೆಯನ್ನು ಹಲಗೆಯ ಮೇಲೆ ಹಂತಹಂತವಾಗಿ ಬರೆಯಲೇಬೇಕು. ನೂರು ತ್ರಿಭುಜಗಳಲ್ಲಿ ಕಂಡದ್ದು ಎಲ್ಲ ತ್ರಿಭುಜಗಳಿಗೂ ಸಲ್ಲುತ್ತದೆ ಎಂಬುದಕ್ಕೆ ತೆರೆ ಸಾಕ್ಷಿಯಾಗದು ಎಂಬ ಎಚ್ಚರವನ್ನು ತರಬೇತಿಯಲ್ಲಿ ಇನ್ನಷ್ಟು ಒತ್ತಿ ಹೇಳಬೇಕಿತ್ತು.

ಇನ್ನು ಸಂಪನ್ಮೂಲಗಳ ವಿಷಯ. ಇವುಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಜಾಲತಾಣಕ್ಕೆ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಜೊತೆಗೂಡಿ, ಶಿಕ್ಷಕರ ಪಾಲ್ಗೊಳ್ಳುವಿಕೆಯಿಂದ ಬೆಳೆಸಿದ ಈ ತಾಣ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಇದೆ. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶದ ಮೇಲೆಯೇ ಇದು ನಡೆಯುತ್ತದೆ. ಒಂದು ಘಟಕದ ಪುಟದಲ್ಲಿ ಪರಿಕಲ್ಪನಾ ನಕ್ಷೆ, ಚಟುವಟಿಕೆಗಳು, ಜಿಯೋಜೀಬ್ರಾ ಕಡತಗಳು, ಮೌಲ್ಯಮಾಪನದ ಪ್ರಶ್ನೆಗಳು ಒಟ್ಟಿಗೆ ಸಿಗುವುದು ಒಂದು ಅನುಕೂಲ. ಅದಕ್ಕಿಂತ ದೊಡ್ಡದು ಅದರ ಪರವಾನಗಿ. ಮೂಲವನ್ನು ನಮೂದಿಸಿ, ಬದಲಿಸಿದ್ದನ್ನು ಅದೇ ಷರತ್ತಿನಲ್ಲಿ ಹಂಚುವುದಾದರೆ, ಯಾವ ಶಿಕ್ಷಕರಾದರೂ ಆ ಸಾಮಗ್ರಿಯನ್ನು ತಿದ್ದಿ ಬಳಸಬಹುದು.

ಈ ತಿದ್ದುವ ಸ್ವಾತಂತ್ರ್ಯ ಏಕೆ ಮುಖ್ಯ ಎಂಬುದಕ್ಕೆ ಮಂಡ್ಯದ್ದೇ ಉದಾಹರಣೆ ಕೊಡುತ್ತೇನೆ. ಹತ್ತನೆಯ ತರಗತಿಯ ಗಣಿತದಲ್ಲಿ ಬಹುಕಾಲ ಇದ್ದ ಒಂದು ಲೆಕ್ಕ ಹೀಗಿದೆ: 6 ಮೀಟರ್ ಅಗಲ, 1.5 ಮೀಟರ್ ಆಳದ ನಾಲೆಯಲ್ಲಿ ನೀರು ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹರಿಯುತ್ತಿದೆ. ಗದ್ದೆಯಲ್ಲಿ 8 ಸೆಂಟಿಮೀಟರ್ ನೀರು ನಿಲ್ಲಬೇಕಾದರೆ 30 ನಿಮಿಷದಲ್ಲಿ ಎಷ್ಟು ವಿಸ್ತೀರ್ಣಕ್ಕೆ ನೀರುಣಿಸಬಹುದು? ಉತ್ತರ 5,62,500 ಚದರ ಮೀಟರ್, ಅಂದರೆ 56.25 ಹೆಕ್ಟೇರ್. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಬೆಳೆದ ಮಕ್ಕಳು ದಿನವೂ ನಾಲೆ ದಾಟಿ ಶಾಲೆಗೆ ಬರುವವರಾದರೂ, ಹೆಕ್ಟೇರ್ ಎಂದರೆ ಅವರ ಮನಸ್ಸಿನಲ್ಲಿ ಯಾವ ಚಿತ್ರವೂ ಮೂಡುವುದಿಲ್ಲ. ಅವರ ಮನೆಯಲ್ಲಿ ಎಕರೆ, ಗುಂಟೆಯಲ್ಲಿ ಮಾತು ನಡೆಯುತ್ತದೆ. ತರಬೇತಿಯಲ್ಲಿ ಕಲಿತ ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಲೆಕ್ಕಹಾಳೆ ತಂತ್ರಾಂಶದಲ್ಲಿ ಈ ಲೆಕ್ಕವನ್ನು ಕೂರಿಸಿ, ಉತ್ತರ ಎಕರೆಯಲ್ಲಿ ಬರುವಂತೆ ಮಾಡಿದೆ: ಸುಮಾರು 139 ಎಕರೆ. ನಾಲೆಯ ನೀರು ಅರ್ಧಕ್ಕೆ ಇಳಿದು ವೇಗ ಅಷ್ಟೇ ಉಳಿದರೆ ಏನಾಗುತ್ತದೆ, ಭತ್ತದ ಬದಲು ಕಡಿಮೆ ನೀರು ಬೇಡುವ ಬೆಳೆಯಿಟ್ಟರೆ ಏನಾಗುತ್ತದೆ ಎಂದು ಮಕ್ಕಳೇ ಅಂಕಿಗಳನ್ನು ಬದಲಿಸಿ ನೋಡಿದರು. ನಾಲೆಯ ಕೊನೆಯ ಭಾಗದ ಊರಿನ ಒಬ್ಬ ಹುಡುಗ, ನೀರಿನ ಆಳವೂ ವೇಗವೂ ಎಲ್ಲ ಕಡೆಯೂ ಒಂದೇ ಇರುವುದಿಲ್ಲವಲ್ಲ ಎಂದು ಲೆಕ್ಕದ ಊಹೆಯನ್ನೇ ಪ್ರಶ್ನಿಸಿದ. ಸಿದ್ಧಪಡಿಸಿದ ವಿಡಿಯೊ ಎಷ್ಟೇ ಸೊಗಸಾಗಿದ್ದರೂ ಅದರಿಂದ ಈ ಚರ್ಚೆ ಹುಟ್ಟುತ್ತಿರಲಿಲ್ಲ.

ಇದು ನಮ್ಮ ಭಾಗಕ್ಕೆ ಹೊಸ ವಿಚಾರವೂ ಅಲ್ಲ. ಇಂದು ರಾಜ್ಯದ ಪ್ರಾಥಮಿಕ ಶಾಲೆಗಳಿಗೆಲ್ಲ ಪರಿಚಿತವಾದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ವಿಧಾನ 1995ರಲ್ಲಿ ಆರಂಭವಾದದ್ದು ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಆಂಧ್ರಪ್ರದೇಶದ ರಿಷಿ ವ್ಯಾಲಿ ಶಾಲೆಯ ಪ್ರಯೋಗದಿಂದ ಪ್ರೇರಣೆ ಪಡೆದು ಇಲ್ಲಿನ ಶಿಕ್ಷಕರು ತಮ್ಮ ಮಕ್ಕಳಿಗೆ ಬೇಕಾದ ಕಲಿಕಾ ಕಾರ್ಡುಗಳನ್ನು ರೂಪಿಸಿಕೊಂಡರು. ಅಂದು ಕಾಗದದ ಕಾರ್ಡಿನಲ್ಲಿ ಆದದ್ದು ಇಂದು ಕಂಪ್ಯೂಟರ್ ಕಡತದಲ್ಲಿ ಆಗಬೇಕು. ತಂತ್ರಜ್ಞಾನ ತರಬೇತಿಗಳನ್ನು ಯೋಜಿಸುವವರು ನಲಿ-ಕಲಿಯ ಆ ಮೊದಲ ವರ್ಷಗಳ ಅನುಭವವನ್ನು ಮತ್ತೊಮ್ಮೆ ಓದಿಕೊಳ್ಳಬೇಕೆಂದು ನನ್ನ ಪ್ರಾಮಾಣಿಕ ಕೋರಿಕೆ.

ಪಠ್ಯಪುಸ್ತಕದ ಪಾಠಗಳಿಗೆ ಹೊಂದುವ ಸಾಮಗ್ರಿಯನ್ನು ಆನ್‌ಲೈನ್‌ನಲ್ಲಿ ಒದಗಿಸುವ ದೀಕ್ಷಾ ವೇದಿಕೆಯ ಉಪಯೋಗ ಬೇರೆ ಬಗೆಯದು. 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನಾಚರಣೆಯಂದೇ ಕೇಂದ್ರ ಸರ್ಕಾರ ಉದ್ಘಾಟಿಸಿದ ಈ ವೇದಿಕೆಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಅಚ್ಚಾಗಿರುವ ಕ್ಯೂಆರ್ ಕೋಡ್‌ಗಳೇ ಹೆಬ್ಬಾಗಿಲು. ಪುಟ ಮಾಸಿ ಕೋಡ್ ಸ್ಕ್ಯಾನ್ ಆಗದಿದ್ದರೆ ಅದರ ಕೆಳಗೆ ಮುದ್ರಿಸಿರುವ ಆರು ಅಕ್ಷರ-ಅಂಕಿಗಳನ್ನು ಹುಡುಕಾಟದ ಜಾಗದಲ್ಲಿ ಬರೆದರೂ ಪಾಠ ತೆರೆಯುತ್ತದೆ. ಈ ಸಣ್ಣ ಸಂಗತಿ ಎಷ್ಟೋ ಪೋಷಕರಿಗೆ ತಿಳಿದಿಲ್ಲವಾದ್ದರಿಂದ ಪೋಷಕರ ಸಭೆಯಲ್ಲಿ ತೋರಿಸಿಕೊಡುವುದು ಒಳ್ಳೆಯದು. ಮೊಬೈಲ್ ಆ್ಯಪ್‌ನಲ್ಲಿ ಪಾಠಗಳನ್ನು ಮೊದಲೇ ಇಳಿಸಿಟ್ಟುಕೊಂಡು ನಂತರ ಸಂಪರ್ಕವಿಲ್ಲದೆ ನೋಡುವ ಸೌಲಭ್ಯವಿರುವುದು ಹಳ್ಳಿಯ ಶಾಲೆಗಳಿಗೆ ದೊಡ್ಡ ಆಸರೆ. ಹಬ್ಬ, ಜಾತ್ರೆ, ಕಬ್ಬಿನ ಕಟಾವು ಎಂದು ತರಗತಿ ತಪ್ಪಿಸಿಕೊಂಡ ಮಕ್ಕಳಿಗೆ, ಪರೀಕ್ಷೆಗೆ ಮುನ್ನ ಪುನರಾವರ್ತನೆಗೆ ಇದು ಚೆನ್ನಾಗಿ ಒದಗುತ್ತದೆ. ಆದರೆ ತರಗತಿಯಲ್ಲಿ ವಿಡಿಯೊ ಹಾಕಿ ಶಿಕ್ಷಕರು ಬದಿಗೆ ನಿಲ್ಲುವುದನ್ನು ನಾನು ಒಪ್ಪುವುದಿಲ್ಲ. ಎರಡು ನಿಮಿಷಕ್ಕೊಮ್ಮೆಯಾದರೂ ನಿಲ್ಲಿಸಿ, ಮುಂದೇನಾಗಬಹುದು ಎಂದು ಮಕ್ಕಳನ್ನು ಕೇಳಿ ಮುಂದುವರಿದರೆ ಮಾತ್ರ ಅದು ಪಾಠವಾಗುತ್ತದೆ. ಈ ವಿಧಾನವನ್ನು ತರಬೇತಿಯಲ್ಲಿ ಯಾರೂ ಮಾಡಿ ತೋರಿಸಲಿಲ್ಲ.

ಭೌತವಿಜ್ಞಾನಕ್ಕೆ ಫೆಟ್ (PhET) ಎಂಬ ಕಂಪ್ಯೂಟರ್ ಅನುಕರಣ ಮಾದರಿಗಳನ್ನು ಹೃತ್ಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಈ ಯೋಜನೆಯ ಮಾದರಿಗಳು ಉಚಿತ. ಹಲವನ್ನು ಇಳಿಸಿಕೊಂಡು ಪೆನ್‌ಡ್ರೈವ್‌ನಿಂದಲೇ ನಡೆಸಬಹುದು. ವಿದ್ಯುನ್ಮಂಡಲದ ಮಾದರಿಯಲ್ಲಿ ಕೋಶ, ತಂತಿ, ಬಲ್ಬು, ಅಮ್ಮೀಟರ್‌ಗಳನ್ನು ಮಕ್ಕಳು ತಾವೇ ಜೋಡಿಸಬಹುದು, ಕೋಶದ ಎರಡು ತುದಿಗಳನ್ನು ನೇರವಾಗಿ ತಂತಿಯಿಂದ ಕೂಡಿಸಿದರೆ ತೆರೆಯ ಮೇಲೆ ಬೆಂಕಿ ಕಾಣಿಸಿಕೊಳ್ಳುವುದರಿಂದ ಹ್ರಸ್ವ ಮಂಡಲದ ಅಪಾಯ ತಾನಾಗಿ ಮನವರಿಕೆಯಾಗುತ್ತದೆ. ಅಮ್ಮೀಟರನ್ನು ಸರಣಿಯಲ್ಲಿಯೂ ವೋಲ್ಟ್‌ಮೀಟರನ್ನು ಸಮಾಂತರವಾಗಿಯೂ ಏಕೆ ಜೋಡಿಸಬೇಕೆಂಬುದನ್ನು ಬಾಯಿಪಾಠ ಮಾಡಿಸುವ ಅಗತ್ಯವೇ ಬೀಳಲಿಲ್ಲ. ಹಾಗೆಂದು ಪ್ರಯೋಗಾಲಯದ ನಿಜವಾದ ಕೋಶ, ಬಲ್ಬುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಬಾರದು. ಸಡಿಲವಾದ ಜೋಡಣೆ, ತುಕ್ಕು ಹಿಡಿದ ತುದಿ, ಹಳತಾದ ಕೋಶ ಇವೆಲ್ಲ ಕೈಯಿಂದ ಮಾಡಿದಾಗಲೇ ಅನುಭವಕ್ಕೆ ಬರುತ್ತವೆ.

ತರಬೇತಿಗೆ ಹೋಗಲು ಅವಕಾಶ ಸಿಗದವರು ಮುಂಬಯಿ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳನ್ನು ನೋಡಬಹುದು. ಲಿಬ್ರೆಆಫೀಸ್ ಮೊದಲಾದವುಗಳ ಮೇಲಿನ ಚಿಕ್ಕ ಚಿಕ್ಕ ಪಾಠಗಳಿಗೆ ಕನ್ನಡದ ಧ್ವನಿಯೂ ಇದೆ. ಪಾಠ ಕೇಳುತ್ತ ಪಕ್ಕದಲ್ಲಿಯೇ ಅದನ್ನು ಮಾಡುತ್ತ ಹೋಗುವಂತೆ ಅವು ರಚಿತವಾಗಿವೆ.

ತರಬೇತಿಯ ನಂತರದ ಬೆಂಬಲವೇ ಇಡೀ ವ್ಯವಸ್ಥೆಯ ಅತ್ಯಂತ ಬಡವಾದ ಭಾಗ. ವಾಟ್ಸ್ಆ್ಯಪ್ ಗುಂಪೊಂದನ್ನು ರಚಿಸಿದರು. ಕೆಲವೇ ವಾರಗಳಲ್ಲಿ ಅದು ಸುತ್ತೋಲೆಗಳಿಗೂ ಶುಭಾಶಯಗಳಿಗೂ ಮೀಸಲಾಯಿತು. ಪ್ರೊಜೆಕ್ಟರ್ ಲ್ಯಾಪ್‌ಟಾಪನ್ನು ಗುರುತಿಸದಿದ್ದಾಗ, ಯುಪಿಎಸ್‌ನ ಬ್ಯಾಟರಿ ಸೋತಾಗ ಯಾರನ್ನು ಕೇಳಬೇಕೆಂಬ ಉತ್ತರ ನಮಗೆ ಸಿಗಲಿಲ್ಲ. ನಮ್ಮ ಮುಖ್ಯ ಶಿಕ್ಷಕರು ಶಾಲಾ ನಿಧಿಯಿಂದ ಬ್ಯಾಟರಿ ಬದಲಿಸಿಕೊಟ್ಟದ್ದರಿಂದ ಕೆಲಸ ನಡೆಯಿತು. ನೆರೆಯ ಶಾಲೆಯ ಸಹೋದ್ಯೋಗಿಗಳೊಬ್ಬರು ಅದೇ ತರಬೇತಿಯನ್ನು ಪಡೆದೂ ದುರಸ್ತಿಯಾಗದ ಯಂತ್ರಗಳ ಮುಂದೆ ಕೈಕಟ್ಟಿ ಕುಳಿತಿದ್ದಾರೆ. ಅವರು ಕಲಿತದ್ದು ಹೀಗೆ ವ್ಯರ್ಥವಾಗುವುದನ್ನು ನೋಡಿದರೆ ಮನಸ್ಸಿಗೆ ನೋವಾಗುತ್ತದೆ. ತಿಂಗಳಿಗೊಮ್ಮೆ ತಾಲ್ಲೂಕು ಮಟ್ಟದಲ್ಲಿ ವಿಷಯವಾರು ಶಿಕ್ಷಕರು ಸೇರಿ, ತಾವು ಮಾಡಿದ ಒಂದೊಂದು ಕಡತವನ್ನು ತೋರಿಸಿಕೊಳ್ಳುವ ಅರ್ಧ ದಿನದ ಸಭೆಗೆ ಹೆಚ್ಚಿನ ಖರ್ಚೇನೂ ತಗಲುವುದಿಲ್ಲ.

ಒಟ್ಟಿನಲ್ಲಿ ಈ ತರಬೇತಿಗೆ ಆಹ್ವಾನ ಬಂದರೆ ಹಿಂಜರಿಯದೆ ಹೋಗಿ ಎಂದು ಗಣಿತ, ವಿಜ್ಞಾನ ಶಿಕ್ಷಕರಿಗೆ ಹೇಳುತ್ತೇನೆ. ಭಾಷಾ ಶಿಕ್ಷಕರಿಗೆ ಕನ್ನಡ ಬೆರಳಚ್ಚಿನ ಭಾಗ ಮಾತ್ರ ದಕ್ಕೀತು, ಅವರಿಗೆಂದು ಪ್ರತ್ಯೇಕವಾಗಿ ರೂಪಿಸಿದ್ದು ಅಲ್ಲಿ ಕಡಿಮೆ. ಹೋಗುವಾಗ ನಿಮ್ಮ ಹಳೆಯ ನುಡಿ ಕಡತಗಳನ್ನೂ, ನಿಮ್ಮ ಮಕ್ಕಳಿಗೆ ಪ್ರತಿ ವರ್ಷವೂ ಕಷ್ಟವಾಗುವ ಒಂದು ಘಟಕದ ಟಿಪ್ಪಣಿಯನ್ನೂ, ಸಾಕಷ್ಟು ಜಾಗವಿರುವ ಒಂದು ಪೆನ್‌ಡ್ರೈವನ್ನೂ ಜೊತೆಗಿಟ್ಟುಕೊಳ್ಳಿ. ಅಲ್ಲಿ ಅಭ್ಯಾಸಕ್ಕೆಂದು ಕೊಡುವ ಮಾದರಿ ಪಾಠದ ಬದಲು ಆ ಘಟಕದ ಮೇಲೆಯೇ ಕೆಲಸ ಮಾಡಲು ಅನುಮತಿ ಕೇಳಿ. ನಾನು ಕೇಳಿದಾಗ ಸಂಪನ್ಮೂಲ ವ್ಯಕ್ತಿಗಳು ಸಂತೋಷದಿಂದಲೇ ಒಪ್ಪಿದರು, ಸಂಜೆ ವೇಳೆ ಮುಗಿದ ಮೇಲೂ ಪಕ್ಕದಲ್ಲಿ ಕುಳಿತು ತಿದ್ದಿಕೊಟ್ಟರು.