ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ: ನೇರವಾಗಿ, ದುಬೈ ಮೇಲೆ, ಫ್ರಾಂಕ್‌ಫರ್ಟ್ ಮೇಲೆ

ಭೂಗೋಳದ ಮೇಲೆ ಅತಿ ಹತ್ತಿರದ ದಾರಿ ಹಿಡಿದರೂ ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 14,000 ಕಿಲೋಮೀಟರ್. ಮಗಳ ಮನೆಗೆ ಹೋಗಿಬರುತ್ತಾ ಮೂರೂ ದಾರಿ ನೋಡಿದ್ದೇನೆ. ಒಟ್ಟು ಎಷ್ಟು ಗಂಟೆ ಅಂತ ಎಲ್ಲರೂ ಕೇಳುತ್ತಾರೆ. ಒಂದೇ ಸೀಟಿನಲ್ಲಿ ಒಂದೇ ಸಮನೆ ಎಷ್ಟು ಹೊತ್ತು ಕೂರಬೇಕು ಅಂತ ಕೇಳಬೇಕು. ಮಂಡಿ ನೋವಿರುವವರಿಗೆ ಮುಖ್ಯವಾದದ್ದು ಅದೇ.

ನೇರ ವಿಮಾನವನ್ನು ಏರ್ ಇಂಡಿಯಾ 2021ರ ಜನವರಿಯಲ್ಲಿ ಶುರು ಮಾಡಿತು. ಅಲ್ಲಿಂದ ಬಂದ ಮೊದಲ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಮಹಿಳಾ ತಂಡ ಉತ್ತರ ಧ್ರುವದ ಮೇಲೆ ಹಾರಿಸಿ ತಂದಿತ್ತು. ಪ್ರಯಾಣ 16–17 ಗಂಟೆ. ಮಧ್ಯಾಹ್ನ ಹೊರಟರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದಿರುವ ಅಲ್ಲಿನ ಗಡಿಯಾರದಲ್ಲಿ ಅದೇ ದಿನದ ಸಂಜೆ ಇಳಿಯುತ್ತೀರಿ. ವಿಮಾನ ಬದಲಿಸುವ ಗೊಡವೆ ಇಲ್ಲ. ಇಂಗ್ಲಿಷ್ ಬರದ ಅಪ್ಪ-ಅಮ್ಮನಿಗೆ ಇದಕ್ಕಿಂತ ನೆಮ್ಮದಿ ಬೇರೆ ಇಲ್ಲ. ಆದರೆ 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ಆಕಾಶ ಮುಚ್ಚಿದ ಮೇಲೆ ದೂರದ ಹಾರಾಟಗಳು ಪದೇ ಪದೇ ಬದಲಾಗಿವೆ. ನೇರ ವಿಮಾನ ಇದೆಯಾ ಅಂತ ಮೊದಲು ನೋಡಿಕೊಳ್ಳಿ.

ದುಬೈ ದಾರಿ ಹೆಚ್ಚು ಜನ ಹಿಡಿಯುವುದು. ನನಗೆ ಹಿಡಿಸಲಿಲ್ಲ. ದುಬೈಗೆ ನಾಲ್ಕೇ ಗಂಟೆ. ಆಮೇಲೆ 13,000 ಕಿಲೋಮೀಟರ್, ಹತ್ತಿರ ಹತ್ತಿರ 16 ಗಂಟೆ! ನೇರ ವಿಮಾನದಲ್ಲಿ ಕೂತಷ್ಟೇ ಕೂರಬೇಕು, ಮೇಲೆ ವಿಮಾನವನ್ನೂ ಬದಲಿಸಬೇಕು. ಇನ್ನೂ ಕಾಲು ಜಡವಾಗದ ಹೊತ್ತಿಗೇ ದುಬೈನಲ್ಲಿ ಇಳಿಸುತ್ತಾರೆ. ನಡೆದಾಡುವ ಅವಕಾಶ ಬೇಕಿದ್ದಾಗ ಸಿಗುವುದೇ ಇಲ್ಲ. ಟಿಕೆಟ್ ತುಂಬಾ ಅಗ್ಗ ಅನ್ನಿಸಿದರೆ ಮಾತ್ರ ಹೋಗಿ.

ಫ್ರಾಂಕ್‌ಫರ್ಟ್ ದಾರಿ ಉದ್ದ, ಎರಡೂ ಹಾರಾಟ ಸೇರಿ ಸುಮಾರು 16,500 ಕಿಲೋಮೀಟರ್. ಕಾಯುವುದೂ ಸೇರಿದರೆ ಒಂದು ದಿನವೇ ಆಗುತ್ತದೆ. ಆದರೂ ಮೈ ಹಗುರಾಗಿ ಇಳಿದದ್ದು ಈ ದಾರಿಯಲ್ಲೇ. ಮೊದಲು ಹತ್ತು ಗಂಟೆ, ಆಮೇಲೆ ಹನ್ನೊಂದೂವರೆ. ಸರಿಯಾಗಿ ನಡುವಿಗೆ ಬಿಡುವು. ಬೆಳಗ್ಗೆ ಫ್ರಾಂಕ್‌ಫರ್ಟ್‌ನಲ್ಲಿ ಇಳಿದಾಗ ಪಾದ ಊದಿಕೊಂಡು ಚಪ್ಪಲಿಯ ಪಟ್ಟಿ ಬಿಗಿಯಾಗಿತ್ತು. ಉದ್ದದ ಕಾರಿಡಾರಿನಲ್ಲಿ ಆ ಕಡೆಯಿಂದ ಈ ಕಡೆಗೆ ಓಡಾಡಿ, ಮುಖ ತೊಳೆದು, ಬಿಸಿ ಕಾಫಿ ಕುಡಿಯುವಷ್ಟರಲ್ಲಿ ಊತ ಇಳಿಯಿತು. ಅಮೆರಿಕದ ವೀಸಾ ಇದ್ದವರಿಗೆ ಅಲ್ಲಿ ಟ್ರಾನ್ಸಿಟ್ ವೀಸಾ ಬೇಕಿಲ್ಲ.

ವಿಮಾನ ಬದಲಿಸುವಾಗ ಮತ್ತೆ ತಪಾಸಣೆ ಇರುತ್ತದೆ. ತುಪ್ಪ, ಉಪ್ಪಿನಕಾಯಿ ಕೈಚೀಲದಲ್ಲಿ ಇಡಬೇಡಿ. ಎರಡು ಹಾರಾಟದ ನಡುವೆ ಮೂರು ಗಂಟೆಯಾದರೂ ಇರಲಿ. ವೀಲ್‌ಚೇರ್ ಬೇಕಿದ್ದರೆ ಟಿಕೆಟ್ ತೆಗೆಯುವಾಗಲೇ ಹೇಳಿಬಿಡಿ.

ಸೊಂಟ, ಮಂಡಿ ಗಟ್ಟಿ ಇದ್ದವರು ನೇರ ಹೋಗಲಿ. ನನ್ನ ಮುಂದಿನ ಟಿಕೆಟ್ ಫ್ರಾಂಕ್‌ಫರ್ಟ್ ಮೇಲೆಯೇ.