ಹಾಡಿನ ಕಂಪ್ಯೂಟರಿಗೆ ಹಾರ್ಡ್ ಡಿಸ್ಕೋ, ಎಸ್‌ಎಸ್‌ಡಿಯೋ?

ಧಾರವಾಡದ ಮನೆಯ ಕೋಣೆಯಲ್ಲಿ ಗಾಯನ, ತಬಲಾ ರೆಕಾರ್ಡ್ ಮಾಡುವವರಿಗೆ ಹಾರ್ಡ್ ಡಿಸ್ಕಿನ ವೇಗ ಧಾರಾಳ ಸಾಕು. 24 ಬಿಟ್, 48 ಕಿಲೋಹರ್ಟ್ಸ್‌ನ ಮೊನೊ ಟ್ರ್ಯಾಕಿಗೆ ಸೆಕೆಂಡಿಗೆ 144 ಕಿಲೋಬೈಟ್. 32 ಟ್ರ್ಯಾಕ್ ಸೇರಿದರೂ 5 ಎಂಬಿ ದಾಟದು. ತೊಡಕಿರುವುದು ಸದ್ದಿನಲ್ಲಿ. 7200 ಆರ್‌ಪಿಎಂ ಡಿಸ್ಕ್ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಆ 120 ಹರ್ಟ್ಸ್‌ನ ಗುಂಯ್ ತಂಬೂರಿಯ ನಾದದೊಳಗೇ ಬೆರೆತು ಮೈಕಿಗೆ ಇಳಿದರೆ ಆಮೇಲೆ ಬೇರ್ಪಡಿಸುವುದು ಬಲು ಕಷ್ಟ.

ಸ್ಯಾಂಪಲ್ ಲೈಬ್ರರಿ (ವಾದ್ಯಗಳ ಒಂದೊಂದೇ ಸ್ವರ ರೆಕಾರ್ಡ್ ಮಾಡಿಟ್ಟ ಸಂಗ್ರಹ) ಬಳಸುವವರು, ತಿರುಗುವ ಭಾಗವೇ ಇಲ್ಲದೆ ಚಿಪ್‌ಗಳಲ್ಲಿ ಡೇಟಾ ಇಡುವ ಎಸ್‌ಎಸ್‌ಡಿಯನ್ನೇ ಕೊಳ್ಳಿ. ನೂರಾರು ಸ್ವರ ಒಮ್ಮೆಗೇ ಬೇಕಾದಾಗ ಹಾರ್ಡ್ ಡಿಸ್ಕಿನ ಓದುವ ಹೆಡ್ಡು ಪ್ರತಿ ಸಲ ಸುಮಾರು 10 ಮಿಲಿಸೆಕೆಂಡ್ ಅಲೆಯುತ್ತದೆ, ಸ್ವರ ತುಂಡಾಗುತ್ತದೆ. ಎಸ್‌ಎಸ್‌ಡಿಗಳಲ್ಲಿ ಸಾಟಾ ಎಂಬ ಸಾಮಾನ್ಯ ಜೋಡಣೆಯದೇ ಸಾಕು.

ಹಣ ಬಿಗಿಯಿದ್ದರೆ ಸಿಸ್ಟಮ್, ಪ್ರಾಜೆಕ್ಟ್ ಎರಡೂ 500 ಜಿಬಿ ಎಸ್‌ಎಸ್‌ಡಿಯಲ್ಲಿರಲಿ, ಶೇ. 15 ಖಾಲಿ ಬಿಡಿ, ತುಂಬಿದರೆ ಬರೆಯುವ ವೇಗ ಕುಸಿಯುತ್ತದೆ. ಹಳೇ ಡಿಸ್ಕ್ ಬ್ಯಾಕಪ್ಪಿಗೆ, ರೆಕಾರ್ಡಿಂಗ್ ಹೊತ್ತಿಗೆ ಬಿಚ್ಚಿಡಿ.