ಲವ್ ಈಸ್ ಬ್ಲೈಂಡ್ ಸೀಸನ್ 4 ರಿಯೂನಿಯನ್: ತಡ ಆಗಿದ್ದಕ್ಕಿಂತ ಕೇಳದೇ ಬಿಟ್ಟ ಪ್ರಶ್ನೆಗಳದ್ದೇ ಸಿಟ್ಟು

ನೆಟ್‌ಫ್ಲಿಕ್ಸ್‌ನ ಲವ್ ಈಸ್ ಬ್ಲೈಂಡ್ 4ನೇ ಸೀಸನ್ ಈಗ ನೋಡಿ ಮುಗಿಸಿ, ಎಲ್ಲರನ್ನೂ ಮತ್ತೆ ಒಟ್ಟಿಗೆ ಕೂರಿಸಿ ಮಾತಾಡಿಸುವ ರಿಯೂನಿಯನ್ ಎಪಿಸೋಡ್ ಹಾಕಲೋ ಬೇಡವೋ ಅಂತ ರಿಮೋಟ್ ಹಿಡಿದು ಕೂತವರಿಗೆ ಇದು. ಮೊದಲೇ ಹೇಳಿಬಿಡುತ್ತೇನೆ. ಹಾಕಿ, ಆದರೆ ಜೊತೆಗೆ ಇನ್ನೊಂದು ಕೆಲಸ ಇಟ್ಟುಕೊಳ್ಳಿ. ಬಟ್ಟೆ ಮಡಚಬಹುದು, ಅವರೆಕಾಯಿ ಸುಲಿಯಬಹುದು. ಪೂರ್ತಿ ಗಮನ ಕೊಟ್ಟು ನೋಡುವಂಥದ್ದು ಅದರಲ್ಲಿ ಜಾಸ್ತಿ ಇಲ್ಲ.

ಶೋ ಗೊತ್ತಿಲ್ಲದವರಿಗೆ ಎರಡು ಮಾತು. ಹುಡುಗ ಒಂದು ಕೋಣೆಯಲ್ಲಿ, ಹುಡುಗಿ ಇನ್ನೊಂದರಲ್ಲಿ, ನಡುವೆ ಗೋಡೆ. ಈ ಕೋಣೆಗಳಿಗೆ ಪಾಡ್ ಅಂತಾರೆ. ಮುಖ ನೋಡದೆ ಬರೀ ಮಾತಾಡಿ, ಮನಸ್ಸು ಕೂಡಿದರೆ ಗೋಡೆಯ ಈಚೆಯಿಂದಲೇ 'ಮದುವೆ ಆಗ್ತೀಯಾ' ಅಂತ ಕೇಳಿ, ಆಮೇಲೆ ಮುಖ ನೋಡಿ, ಒಂದು ಟ್ರಿಪ್ ಹೋಗಿ, ಕೆಲವು ವಾರ ಒಂದೇ ಮನೆಯಲ್ಲಿದ್ದು, ಕೊನೆಗೆ ಎಲ್ಲರೆದುರು ಮದುವೆ ಬಟ್ಟೆಯಲ್ಲಿ ನಿಂತು ಹೂಂ ಅಥವಾ ಊಹೂಂ ಅನ್ನಬೇಕು. 4ನೇ ಸೀಸನ್‌ನವರು ಸಿಯಾಟಲ್ ಕಡೆಯವರು. ಕುಡಿಯುವುದೆಲ್ಲ ಚಿನ್ನದ ಬಣ್ಣದ ಲೋಟದಲ್ಲಿ. ಎಡಿಟ್ ಮಾಡುವಾಗ ಒಳಗಿನ ಮಟ್ಟ ಏರಿಳಿದಿದ್ದು ಕಾಣಬಾರದಲ್ಲ, ಅದಕ್ಕೆ.

ಈಗ ರಿಯೂನಿಯನ್ ವಿಷಯ. 2023ರ ಏಪ್ರಿಲ್ 16ರ ಭಾನುವಾರ ಅಮೆರಿಕದ ಪೂರ್ವ ಭಾಗದ ರಾತ್ರಿ 8ಕ್ಕೆ, ಅಂದರೆ ನಮಗೆ ಸೋಮವಾರ ಬೆಳಗ್ಗೆ 5:30ಕ್ಕೆ, ಇದನ್ನು ನೇರ ಪ್ರಸಾರ ಮಾಡುತ್ತೇವೆ ಅಂತ ನೆಟ್‌ಫ್ಲಿಕ್ಸ್ ಡಂಗುರ ಸಾರಿತ್ತು. ಅವರಿಗೆ ಲೈವ್ ಹೊಸದು. ಅದಕ್ಕೂ ಮೊದಲು ಮಾರ್ಚ್ 4ರಂದು ಕ್ರಿಸ್ ರಾಕ್ ಕಾಮಿಡಿ ಶೋ ಒಂದನ್ನು ಲೈವ್ ಕೊಟ್ಟಿದ್ದರು, ಅದು ಸರಿಯಾಗಿ ನಡೆದಿತ್ತು. ಇದು ನಡೆಯಲಿಲ್ಲ. ಟೈಮ್ ಆಯಿತು, ಏನೂ ಬರಲಿಲ್ಲ. ಹದಿನೈದು ನಿಮಿಷ ಅಂದರು. ಆಮೇಲೆ ಒಂದು ಗಂಟೆಯೂ ದಾಟಿತು. ಕೊನೆಗೆ ನೆಟ್‌ಫ್ಲಿಕ್ಸ್‌ನವರೇ ಕ್ಷಮೆ ಕೇಳಿ, ಈಗ ರೆಕಾರ್ಡ್ ಮಾಡುತ್ತಿದ್ದೇವೆ, ಆದಷ್ಟು ಬೇಗ ಹಾಕುತ್ತೇವೆ ಅಂದರು. ಎಲ್ಲರಿಗೂ ಸಿಕ್ಕಿದ್ದು ಮರುದಿನ. ನಮ್ಮ ಲೆಕ್ಕದಲ್ಲಿ ಸೋಮವಾರ ಮಧ್ಯರಾತ್ರಿ ಕಳೆದ ಮೇಲೆ.

ಆ ಒಂದೂ ಚಿಲ್ಲರೆ ಗಂಟೆಯಲ್ಲಿ ವೀಕ್ಷಕರು ಟ್ವಿಟರ್‌ನಲ್ಲಿ ಮಾಡಿದ ತಮಾಷೆ ಇದೆಯಲ್ಲ, ನನ್ನ ಪ್ರಕಾರ ಅದೇ ನಿಜವಾದ ರಿಯೂನಿಯನ್. ಬಹುತೇಕ ಬಾಗಿಲು ಮುಚ್ಚಿಕೊಂಡು ವರ್ಷಗಳೇ ಕಳೆದಿದ್ದ ಬ್ಲಾಕ್‌ಬಸ್ಟರ್ ವಿಡಿಯೊ ಅಂಗಡಿಯ ಖಾತೆಯವರು ಎದ್ದು ಬಂದು, ನಮ್ಮ ಹತ್ತಿರ ಕ್ಯಾಸೆಟ್ ಬಾಡಿಗೆಗೆ ತಗೊಂಡು ಹೋಗ್ತಿದ್ದಾಗ ಟೈಮಿಗೆ ಸರಿಯಾಗಿ ಶುರು ಆಗ್ತಿತ್ತು ಅಲ್ವಾ ಅಂತ ಕಾಲೆಳೆದರು. ರಿಯೂನಿಯನ್ ಎಪಿಸೋಡ್‌ಗಳನ್ನೇ ಕಸುಬು ಮಾಡಿಕೊಂಡಿರುವ ಬ್ರಾವೋ ಚಾನೆಲ್, ನಾವಾಗಿದ್ದರೆ ನಿಮ್ಮನ್ನು ಹೀಗೆ ಕಾಯಿಸುತ್ತಿರಲಿಲ್ಲ ಅಂತ ಚುಚ್ಚಿತು. ಜನ ಸಿಟ್ಟಿನಲ್ಲೂ ಒಟ್ಟಿಗೆ ನಗುತ್ತಿದ್ದರು. ಶೋ ಟೈಮಿಗೆ ಬಂದಿದ್ದರೆ ಇಷ್ಟು ಜನ ಅದನ್ನು ನೆನಪಿಡುತ್ತಿದ್ದರೋ ಇಲ್ಲವೋ.

ಎರಡು ದಿನ ಬಿಟ್ಟು ಕಂಪನಿಯ ಸಹ-ಸಿಇಒ ಗ್ರೆಗ್ ಪೀಟರ್ಸ್ ಕಾರಣ ಹೇಳಿದರು. ಕ್ರಿಸ್ ರಾಕ್ ಶೋ ಆದ ಮೇಲೆ ಲೈವ್ ಇನ್ನೂ ಚೆನ್ನಾಗಿ ಬರಲಿ ಅಂತ ಮಾಡಿದ ಬದಲಾವಣೆಯಲ್ಲೇ ಒಂದು ಬಗ್ ಸೇರಿಕೊಂಡಿತ್ತಂತೆ. ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುವವರು ಇದನ್ನು ಓದಿ ನಗಬೇಕೋ ಅಳಬೇಕೋ ನೋಡಿ. ಇನ್ನೊಂದು ಮಜಾ ಕೇಳಿ. ನೆಟ್‌ಫ್ಲಿಕ್ಸ್ ಕೈಕೊಟ್ಟ ಅದೇ ಸೋಮವಾರ ಸಂಜೆ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ-ಚೆನ್ನೈ ಮ್ಯಾಚ್ ಇತ್ತು. ಜಿಯೋ ಸಿನಿಮಾದಲ್ಲಿ ಒಂದು ಹಂತದಲ್ಲಿ 2.4 ಕೋಟಿ ಜನ ಒಟ್ಟಿಗೆ ಅದನ್ನು ಲೈವ್ ನೋಡುತ್ತಿದ್ದರು. 227 ರನ್ ಗುರಿ ಬೆನ್ನಟ್ಟಿ 8 ರನ್‌ನಿಂದ ಸೋತೆವು, ಅದರ ಸುದ್ದಿ ಬೇಡ ಬಿಡಿ.

ಆದರೂ ತಡ ಆಗಿದ್ದನ್ನು ನಾನು ಮಾಫಿ ಮಾಡುತ್ತೇನೆ. ಇವತ್ತು ಹಾಕಿ ನೋಡುವವರಿಗೆ ಅದರ ಬಿಸಿ ತಟ್ಟುವುದೇ ಇಲ್ಲ. ತಟ್ಟುವುದು ಆಮೇಲೆ ಬಂದ ಎಪಿಸೋಡ್‌ನ ಸಪ್ಪೆತನ.

ರಿಯೂನಿಯನ್ ಅಂದರೆ ಏನು? ವಾರಗಟ್ಟಲೆ ಸೋಫಾದಲ್ಲಿ ಕೂತು 'ಅಯ್ಯೋ ಇವಳಿಗೆ ಯಾರಾದ್ರೂ ಇದನ್ನ ಕೇಳ್ರಪ್ಪಾ' ಅಂತ ಟಿವಿಗೆ ಬೈದಿರುತ್ತೇವಲ್ಲ, ಅದನ್ನು ನಮ್ಮ ಪರವಾಗಿ ಕೇಳುವ ಜಾಗ. ಕಿಚ್ಚನ ಪಂಚಾಯ್ತಿ ನೋಡಿ ರೂಢಿಯಾದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸುದೀಪ್ 2013ರಿಂದ ಬಿಗ್ ಬಾಸ್‌ನಲ್ಲಿ ಇದನ್ನೇ ಮಾಡಿಕೊಂಡು ಬಂದಿದ್ದಾರೆ. ಕೇಳಿದ್ದು ಪಕ್ಷಪಾತ ಅಂತ ಜಗಳ ಆಡಬಹುದು, ಆದರೆ ಪ್ರಶ್ನೆಯಂತೂ ಬರುತ್ತದೆ, ಉತ್ತರ ಸಿಗುವವರೆಗೆ ಎದುರಿನವರನ್ನು ಬಿಡುವುದಿಲ್ಲ. ಇಲ್ಲಿ ನಿರೂಪಕರು ನಿಕ್ ಲಶೇ ಮತ್ತು ವನೆಸ್ಸಾ ಲಶೇ, ಗಂಡ ಹೆಂಡತಿ. ನಿಕ್ ಹೆಚ್ಚು ಮಾತಾಡುವುದಿಲ್ಲ. ವನೆಸ್ಸಾ ಮಾತಾಡುತ್ತಾರೆ, ಆದರೆ ಯಾರ ಹತ್ತಿರ ಏನು ಕೇಳಬೇಕು ಅನ್ನುವ ಅಂದಾಜೇ ತಪ್ಪಿಹೋಗಿದೆ.

ಪಾಲ್ ಮತ್ತು ಮೈಕಾ ಜೋಡಿಯನ್ನೇ ತಗೊಳ್ಳಿ. ಮದುವೆ ದಿನ ಮೈಕಾ ಸರದಿ ಬಂದಾಗ ಅವಳು ಉತ್ತರ ಕೊಡದೆ, ಮೊದಲು ನೀನು ಹೇಳು ಅಂತ ಪಾಲ್ ಕಡೆಗೆ ತಿರುಗುತ್ತಾಳೆ. ಅವನು ಬೇಡ ಅನ್ನುತ್ತಾನೆ. ಆಮೇಲೆ ಕ್ಯಾಮೆರಾ ಮುಂದೆ ಒಬ್ಬನೇ ಕೂತಾಗ, ಅವಳನ್ನು ತಾಯಿಯಾಗಿ ಕಲ್ಪಿಸಿಕೊಳ್ಳಲು ಆಗಲಿಲ್ಲ ಅನ್ನುವ ಅರ್ಥದ ಮಾತಾಡುತ್ತಾನೆ. ಒರಟು ಮಾತು, ಕೇಳಲೇಬೇಕಾದ್ದೇ. ವನೆಸ್ಸಾ ಕೇಳಿದರು, ಮತ್ತೆ ಕೇಳಿದರು, ಅವನು ವಿವರಿಸಿದ ಮೇಲೂ ಬಿಡದೆ ಅಲ್ಲೇ ತಿರುಗಿದರು. ಸರಿ, ಅಷ್ಟೇ ಗಟ್ಟಿಯಾಗಿ ಆ ಕಡೆಯವರನ್ನೂ ಕೇಳಬೇಕಿತ್ತಲ್ವಾ? ಪಾಡ್‌ನಲ್ಲಿ ಇನ್ನೊಬ್ಬ ಹುಡುಗಿ ಮನಸ್ಸು ಮುರಿದು ಅಳುತ್ತಿದ್ದಾಗ ಮೈಕಾ ಮತ್ತು ಅವಳ ಗೆಳತಿ ಇರೀನಾ ಬಾಗಿಲ ಮರೆಯಲ್ಲಿ ಕಿಸಿಕಿಸಿ ನಗುತ್ತಿದ್ದರು. ಮೆಕ್ಸಿಕೋಗೆ ಹೋದಾಗ ಇದೇ ಇರೀನಾ ತನ್ನ ಗೆಳತಿ ಮದುವೆಯಾಗಬೇಕಿದ್ದ ಪಾಲ್ ಹಿಂದೆ ಸುತ್ತಿದ್ದು ಎಲ್ಲರೂ ನೋಡಿದ್ದು. ಇರೀನಾ ಕ್ಷಮೆ ಕೇಳಿದಳು, ಮುಖ ಸಣ್ಣ ಮಾಡಿಕೊಂಡು ಕೂತಿದ್ದಳು, ಪಾಪ ಅನ್ನಿಸಿತು ಕೂಡ. ಮೈಕಾ ಮಾತ್ರ ಸುಲಭವಾಗಿ ಪಾರಾದಳು. ಎಪಿಸೋಡ್ ಬಂದಮೇಲೆ ವೀಕ್ಷಕರು ಕಿಡಿಕಾರಿದ್ದು ಹೆಚ್ಚಾಗಿ ಇದಕ್ಕೇ.

ಜ್ಯಾಕಿ ಕಥೆ ಇನ್ನೂ ಬೇಜಾರು. ಮಾರ್ಷಲ್ ಜೊತೆ ನಿಶ್ಚಯ ಆಗಿದ್ದವಳು, ಮದುವೆ ಬಟ್ಟೆ ಅಳತೆಗೆ ಹೋಗದೆ ಕಾಫಿ ಅಂಗಡಿಯಲ್ಲಿ ಅದೇ ಶೋದ ಇನ್ನೊಬ್ಬ ಹುಡುಗ ಜಾಶ್ ಜೊತೆ ಕೂತಿದ್ದಳು. ಇಡೀ ಸೀಸನ್‌ನಲ್ಲಿ ಜನ ಬಾಯಿ ಬಾಯಿ ಬಡಿದುಕೊಂಡ ಜಾಗ ಅದು. ರಿಯೂನಿಯನ್‌ಗೆ ಅವರಿಬ್ಬರೂ ಬರಲೇ ಇಲ್ಲ. ಮೊದಲೇ ರೆಕಾರ್ಡ್ ಮಾಡಿದ ಸಂದರ್ಶನದ ತುಣುಕು ತೋರಿಸಿದರು. ಟಿವಿಯಲ್ಲಿ ಬಂದ ಕ್ರಮ ಸರಿಯಿಲ್ಲ, ಮಾರ್ಷಲ್‌ಗೆ ಹೇಳಿ ಆದ ಮೇಲೇ ಜಾಶ್ ಅನ್ನುವುದು ಅವರ ವಾದ. ಇರಬಹುದಪ್ಪ. ಆದರೆ ಮಾರ್ಷಲ್ ಇಲ್ಲಿ ಸೋಫಾದಲ್ಲಿ ಕೂತಿದ್ದಾನೆ, ಅವರು ಅಲ್ಲಿ ಪರದೆಯಲ್ಲಿದ್ದಾರೆ. ಎದುರಾಬದುರು ಇಲ್ಲದ ಮೇಲೆ ಲೈವ್ ಯಾಕೆ ಬೇಕಿತ್ತು?

ಇದೆಲ್ಲ ಬಿಟ್ಟು ಸಮಯ ಎಲ್ಲಿ ಹೋಯಿತು ಅಂದರೆ, ಮಗು ಯಾವಾಗ ಅನ್ನುವುದರಲ್ಲಿ. ಹೌದು. ಮದುವೆಯಾಗಿ ಉಳಿದ ಮೂರು ಜೋಡಿ ಟಿಫನಿ-ಬ್ರೆಟ್, ಚೆಲ್ಸೀ-ಕ್ವಾಮೆ, ಬ್ಲಿಸ್-ಝ್ಯಾಕ್. ಈ ಶೋದಿಂದ ಮೊದಲ ಮಗು ಯಾರ ಮನೆಯಲ್ಲಿ ಅಂತ ವನೆಸ್ಸಾ ಗಂಟುಬಿದ್ದರು. ನಮ್ಮಲ್ಲಿ ಮದುವೆ ಮನೆ ಊಟದ ಪಂಕ್ತಿಯಲ್ಲಿ 'ಏನಮ್ಮಾ ವಿಶೇಷ ಇಲ್ವಾ' ಅಂತ ಕೇಳುವ ದೊಡ್ಡಮ್ಮನಿಗೆ ಕೈಯಲ್ಲಿ ಮೈಕ್ ಕೊಟ್ಟ ಹಾಗಿತ್ತು. ಬ್ಲಿಸ್ ಮತ್ತು ಝ್ಯಾಕ್‌ಗೆ 2024ರಲ್ಲಿ ಮಗಳು ಹುಟ್ಟಿದಳು, ಸಂತೋಷ. ಆದರೆ ಯಾರ ದೇಹದ ಸ್ಥಿತಿ ಏನೋ, ಯಾರ ಮನೆಯ ಕಷ್ಟ ಏನೋ, ಕ್ಯಾಮೆರಾ ಮುಂದೆ ಕೇಳುವ ಮಾತಾ ಅದು? ನಿರೂಪಕರನ್ನು ಬದಲಾಯಿಸಿ ಅಂತ ಆನ್‌ಲೈನ್ ಪಿಟಿಷನ್ ಶುರುವಾಗಿದ್ದು ಸುಮ್ನೆ ಅಲ್ಲ. ಬ್ರಾವೋದ ನಿರೂಪಕ ಆಂಡಿ ಕೊಹೆನ್ ಅವರನ್ನು ಕರೆಸಿ ಅಂತ ಕೂಗಿದವರಿಗೆ ಲೆಕ್ಕವಿಲ್ಲ. ಅವರ ರಿಯೂನಿಯನ್‌ಗಳಲ್ಲಿ ವೀಕ್ಷಕರು ಕಳಿಸಿದ ಪ್ರಶ್ನೆಗಳನ್ನೇ ಕಾರ್ಡ್ ಹಿಡಿದು ಓದುತ್ತಾರೆ, ಅದೂ ಹೆಸರು ಊರು ಸಮೇತ.

ಇವರಿಗೆ ಕೇಳಲು ಬರುವುದೇ ಇಲ್ಲ ಅನ್ನುವ ಹಾಗೂ ಇಲ್ಲ. 2022ರ ಮಾರ್ಚ್‌ನಲ್ಲಿ ಬಂದ 2ನೇ ಸೀಸನ್ ರಿಯೂನಿಯನ್ ನೋಡಿ. ಶಿಕಾಗೋ ಸೀಸನ್, ನಮ್ಮ ಕಡೆಯ ಮೂಲದ ದೀಪ್ತಿ ಮತ್ತು 'ಶೇಕ್' ಅಂತ ಕರೆಸಿಕೊಳ್ಳುವ ಅಭಿಷೇಕ್ ಇದ್ದರಲ್ಲ, ಅದು. ಭಾರತದಲ್ಲಿ ಈ ಶೋ ಬಗ್ಗೆ ಮಾತು ಶುರುವಾಗಿದ್ದು ಬಹುಪಾಲು ಇವರಿಂದಲೇ. ಪಾಡ್‌ನಲ್ಲಿ ಕೂತು, ಸಂಗೀತ ಜಾತ್ರೆಗೆ ಹೋದರೆ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಳ್ಳಬಹುದಾ ಅಂತ ತೂಕದ ಲೆಕ್ಕ ಹಾಕಿದ ಮಹಾನುಭಾವ ಅವನು. ದೀಪ್ತಿ ಮಂಟಪದಲ್ಲಿ ನಿಂತು, ನನ್ನನ್ನು ನಾನೇ ಆರಿಸಿಕೊಳ್ಳುತ್ತೇನೆ ಅಂತ ಹೇಳಿ ಹೊರನಡೆದಳು. ರಿಯೂನಿಯನ್‌ನಲ್ಲಿ ಶೇಕ್ ಪಶ್ಚಾತ್ತಾಪ ಪಡುವುದು ಬಿಟ್ಟು, ಇಲ್ಲಿ ತನಗೆ ಚೆಂದ ಕಾಣುವುದು ವನೆಸ್ಸಾ ಒಬ್ಬರೇ ಅಂದುಬಿಟ್ಟ, ಅದೂ ಅವರ ಗಂಡ ಪಕ್ಕದಲ್ಲೇ ಕೂತಿರುವಾಗ! ಗಂಡ ಹೆಂಡತಿ ಇಬ್ಬರೂ ಅವನಿಗೆ ಸರಿಯಾಗಿ ತಿರುಗಿಸಿಕೊಟ್ಟರು. ಜೊತೆಯವರೂ ಬಿಡಲಿಲ್ಲ. ನಡುವೆ ಕೈಲ್ ಎನ್ನುವವನು, ದೀಪ್ತಿಗೆ ಪ್ರಪೋಸ್ ಮಾಡದೇ ಇದ್ದದ್ದೇ ನನ್ನ ದೊಡ್ಡ ತಪ್ಪು ಅಂತ ಅವಳ ಎದುರೇ ಹೇಳಿದ. ಅದು ಮೊದಲೇ ಚಿತ್ರೀಕರಿಸಿದ ಎಪಿಸೋಡ್. ಲೈವ್ ಅಲ್ಲದ್ದಕ್ಕೆ ಏನೂ ಕಡಿಮೆ ಆಗಲಿಲ್ಲ.

ನೆಟ್‌ಫ್ಲಿಕ್ಸ್‌ಗೂ ಬುದ್ಧಿ ಬಂತು ಅನ್ನಿಸುತ್ತದೆ, 5ನೇ ಸೀಸನ್ ರಿಯೂನಿಯನ್ ಮತ್ತೆ ರೆಕಾರ್ಡ್ ಮಾಡಿಯೇ ಹಾಕಿದರು.

4ರಲ್ಲಿ ಬಿಡಬಾರದ ಭಾಗ ಅಂದರೆ ಟಿಫನಿ ಮತ್ತು ಬ್ರೆಟ್. ಪಾಡ್‌ನಲ್ಲಿ ಬ್ರೆಟ್ ಮನಸ್ಸು ಬಿಚ್ಚಿ ಮಾತಾಡುತ್ತಿರುವಾಗ ಗೋಡೆಯ ಆ ಕಡೆ ಟಿಫನಿ ಸೋಫಾದಲ್ಲಿ ನಿದ್ದೆ ಹೊಡೆದ ದೃಶ್ಯ ನೆನಪಿರಬೇಕಲ್ಲ. ಉತ್ತರ ಬರದೆ ಅವನು ಪೆಚ್ಚಾಗಿ ಎದ್ದು ಹೋಗಿದ್ದ. ಮದುವೆ ದಿನ ಅವನ ಪ್ಯಾಂಟ್ ಅಳತೆ ಬೇರೆ ಎಡವಟ್ಟಾಗಿತ್ತು. ರಿಯೂನಿಯನ್‌ನಲ್ಲಿ ಇಬ್ಬರೂ ಪಕ್ಕಪಕ್ಕ ಕೂತಿದ್ದನ್ನು ನೋಡಿದರೆ ಶೋ ಮೇಲಿನ ಸಿಟ್ಟು ಅರ್ಧ ಇಳಿಯುತ್ತದೆ. ಇಂಥವರಿಗೆ ಇನ್ನೂ ಹತ್ತು ನಿಮಿಷ ಕೊಡಬಹುದಿತ್ತು.

ಮಾರ್ಕ್ಸ್ ಕೇಳಿದರೆ ಐದಕ್ಕೆ ಎರಡು, ಅದರಲ್ಲಿ ಒಂದು ಇವರಿಬ್ಬರಿಗೇ. ಮಗುವಿನ ಪ್ರಶ್ನೆ ಶುರುವಾದ ಕೂಡಲೇ ಓಡಿಸಿ. ಜಗಳ ನೋಡುವ ಆಸೆ ಇದ್ದರೆ 2ನೇ ಸೀಸನ್‌ದು ಹಾಕಿಕೊಳ್ಳಿ, ಅದಕ್ಕೆ ನಾಲ್ಕು.